ಒಂಬತ್ತನೆಯ ತರಗತಿಯ ಪಾಠ

ಮಗಳೇ,

ಸೀಸದ ವಿಷದ ಪಾಠವನ್ನು ನಾನು ಒಂಬತ್ತನೆಯ ತರಗತಿಗೆ ಹೇಳುತ್ತೇನೆ. ನೀನು ಎಂಟನೆಯ ತರಗತಿಗೇ ನಮ್ಮ ಶಾಲೆ ಬಿಟ್ಟೆ. ಬ್ಯಾಟರಿ ಕಾರ್ಖಾನೆಯಲ್ಲಿ ಸೀಸದ ಪುಡಿಯಿಂದ ಕಪ್ಪಾದ ಕೈಯನ್ನು ಬಟ್ಟೆಗೆ ಒರೆಸಿಕೊಂಡೇ ಉಣ್ಣುತ್ತಿದ್ದೆಯೆಂದು ತಿಳಿದದ್ದು, ಮೂವತ್ತೆಂಟಕ್ಕೇ ನೀನು ತೀರಿಕೊಂಡ ಮೇಲೆ.

ಇಂದು ನಿನ್ನ ಮಗಳು ಬಂದಿದ್ದಳು. ಅವಳೂ ಈಗ ಎಂಟನೆಯ ತರಗತಿ.

"ಅಮ್ಮನ ಕೆಲ್ಸ ನಂಗೇ ಕೊಡ್ತಾರಂತೆ ಸರ್. ಟಿ.ಸಿ.ಗೆ ಸಹಿ ಹಾಕಿ."

"ಪೆನ್ನಲ್ಲಿ ಇಂಕಿಲ್ಲ ಕಣಮ್ಮ."

"ಜೇಬಲ್ಲಿ ಮೂರಿದಾವಲ್ಲ!"

"ಮೂರರಲ್ಲೂ ಇಲ್ಲ. ಇಂಕು ತರಿಸೋವರೆಗೂ ಒಂಬತ್ತನೇ ಕ್ಲಾಸಲ್ಲಿ ಕೂತಿರು."

ಮುಖ ಊದಿಸಿಕೊಂಡು ಕೊನೆಯ ಬೆಂಚಿನಲ್ಲಿ ಕುಳಿತಳು. ನಾನು ಆ ಪಾಠವನ್ನೇ ತೆಗೆದೆ. ಗಂಟೆ ಹೊಡೆದು ಎಲ್ಲರೂ ಎದ್ದು ಹೋದರೂ ಅವಳು ಏಳಲಿಲ್ಲ.

"ಇದನ್ನ ಅಮ್ಮಂಗೆ ಯಾಕೆ ಹೇಳ್ಲಿಲ್ಲ ಸರ್?"

ನೀನು ಟಿ.ಸಿ. ಕೇಳಿದ ದಿನ ನನ್ನ ಪೆನ್ನು ಚೆನ್ನಾಗಿಯೇ ಬರೆದಿತ್ತು.

ನಿನ್ನ ಮೇಷ್ಟ್ರು