ಬಿಸಿಗೈ ಹಾಲ್ಯಾ

ಖಾರ್ಕಿವ್
14 ಅಕ್ಟೋಬರ್ 1983

ಮುದ್ದಿನ ಮಗಳು ಹಾಲ್ಯಾಗೆ,

ನಿನ್ನ ಅಪ್ಪನ ಆಶೀರ್ವಾದ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಮನಸಾರೆ ಬೈದುಕೋ. ಹರಳು ಬೆಳೆಸುವವನಿಗೆ ಕುಲುಮೆ ಬಿಟ್ಟೇಳಲು ಪುರುಸೊತ್ತಿಲ್ಲ ಎಂದು ಸುಳ್ಳು ಹೇಳಬಹುದಿತ್ತು. ನಿಜವೆಂದರೆ ಧೈರ್ಯ ಬರಲಿಲ್ಲ.

ನಾನು ಕಳಿಸಿದ ಸ್ಟಿಲ್ಬೀನ್ ಹರಳು ಡುಬ್ನಾದ ನಿಮ್ಮ ಪ್ರಯೋಗಾಲಯದಲ್ಲಿ ನಿನ್ನ ಕೈಯಲ್ಲೇ ಬಿರುಕು ಬಿಟ್ಟಿತಂತೆ. ಅಂಗೈ ಶಾಖಕ್ಕೂ ಸೀಳುವ ಜಾತಿ ಅದು, ಒಪ್ಪಿದೆ. ಆದರೆ ನೀನು ಎರಡು ಜೊತೆ ಕೈಗವಸು ಹಾಕಿದ್ದೆಯಲ್ಲ. "ನನ್ನ ಕೈ ಬಿಸಿ ಅಪ್ಪ, ಹುಟ್ಟುಗುಣ. ಇನ್ನು ಹರಳು ಮುಟ್ಟೋದಿಲ್ಲ, ಕಾಗದಪತ್ರದ ಕೆಲಸಕ್ಕೆ ಹೋಗ್ತೀನಿ" ಎಂದು ಬರೆದಿದ್ದೀಯ.

ಹರಳಿಗೆ ಹೊಳಪು ಕೊಡುವ ನಮ್ಮ ಮುದುಕಿ ಮೆಲಾನ್ಯಾಗೆ ಇದನ್ನು ಓದಿ ಹೇಳಿದೆ. "ಎರಡು ಜೊತೆ ಹಾಕ್ಕೊಂಡ್ರೆ ಹಿಡಿತ ಎಲ್ಲಿರುತ್ತೆ? ಎಲ್ಲೋ ಜಾರಿ ತಗುಲಿರುತ್ತೆ. ಕೈ ಬಿಸಿ ಅಂತೆ, ಏನು ಕೈಯೋ ಒಲೆಯೋ? ಒಂದೇ ಜೊತೆ ಸಾಕು ಅಂತ ಬರಿಯಯ್ಯ ನಿನ್ನ ಮಗಳಿಗೆ" ಎಂದು ನನಗೇ ಗದರಿದಳು.

ಬಿರುಕು ಬಿಟ್ಟರೂ ಹರಳು ಸತ್ತಿಲ್ಲ. ವೇಗದ ನ್ಯೂಟ್ರಾನ್ ಬಂದು ಬಡಿದರೆ ಈಗಲೂ ಮಿನುಗುತ್ತದೆ. ಗಾಮಾ ಕಿರಣದ ಮಿನುಗು ತಟ್ಟನೆ ಆರುತ್ತದೆ, ನ್ಯೂಟ್ರಾನಿನದು ಚೂರು ಬಾಲ ಎಳೆಯುತ್ತದೆ. ಆ ಬಾಲ ನೋಡಿ ಬಂದವರು ಯಾರೆಂದು ಹೇಳುವುದನ್ನು ನಿನಗೆ ನಾನು ಕಲಿಸಬೇಕೇ? ಅದಕ್ಕಾಗಿಯೇ ಹುಟ್ಟಿದವಳು ನೀನು. ಜಾಗ ಬಿಡಬೇಡ, ಪುಟ್ಟಿ. ಇನ್ನೊಂದು ಹರಳು ಕುಲುಮೆಯಲ್ಲಿದೆ, ಹೊಸ ವರ್ಷದ ಹೊತ್ತಿಗೆ ನಿನಗೇ ಕಳಿಸುತ್ತೇನೆ.

ಚೆರ್ರಿ ಮುರಬ್ಬ ಕಳಿಸಿದ್ದೇನೆ. ಈ ಸಲ ನಾನೇ ಮಾಡಿದ್ದು, ಸ್ವಲ್ಪ ತಳ ಹಿಡಿದಿದೆ. ನಗಬೇಡ. ಚಳಿಗೆ ಶಾಲು ಸುತ್ತಿಕೋ. ನೂರ್ಕಾಲ ಚೆನ್ನಾಗಿ ಬಾಳು.

ನಿನ್ನ ಅಪ್ಪ,
ಜಖಾರ್

ತಾ.ಕ.: ನಿನಗೆ ಆರು ವರ್ಷವಿದ್ದಾಗ ನನ್ನ ಮೇಜಿನ ಮೇಲಿನ ಹರಳನ್ನು ನೀನು ಮುಟ್ಟಿದೆ, ಅದು ಟಕ್ಕೆಂದು ಸೀಳಿತು. ಎಲ್ಲರೆದುರು ನಿನಗೆ ಹೊಡೆದೆ. ಅಂದಿನಿಂದ ನಿನಗೆ ಬಿಸಿಗೈ ಎಂದೇ ಹೆಸರಾಯಿತು. ನಿನ್ನಮ್ಮನೂ ಹಾಗೆ ಕರೆಯುತ್ತಲೇ ಕಣ್ಣು ಮುಚ್ಚಿದಳು. ಆವತ್ತು ನೀನು ಬರುವ ಮುಂಚೆ, ಅಷ್ಟು ದೊಡ್ಡ ಹರಳು ಬೆಳೆಸಿದೆನಲ್ಲ ಎಂಬ ಹಿಗ್ಗಿನಲ್ಲಿ, ಅದನ್ನು ಬರಿಗೈಯಲ್ಲಿ ಎತ್ತಿ ಹಿಡಿದಿದ್ದವನು ನಾನು. ಬಿರುಕು ಆಗಲೇ ಓಡತೊಡಗಿತ್ತು, ಕಣ್ಣಾರೆ ಕಂಡಿದ್ದೆ. ಬಾಯಿ ಬಿಡಲಿಲ್ಲ. ಹೊಡೆಯಲೆಂದು ನಿನ್ನ ಕೈ ಹಿಡಿದುಕೊಂಡೆನಲ್ಲ, ಅದು ತಣ್ಣಗಿತ್ತು ಮಗಳೇ.