ಏದುಸಿರಿಗೆ ಫಲಿತಾಂಶ ಸೊನ್ನೆ

ಮಾರ್ಚ್ 3, ಸೋಮವಾರ

ಇವತ್ತೂ ಪದ ಜೋಡಿಸಿದ್ದೇ ಆಯಿತು. ಕಾರ್ಖಾನೆಯ ಆರೋಗ್ಯ ದಾಖಲೆ ಹುಡುಕುವವರು ಬಾಯಿಗೆ ಬಂದದ್ದನ್ನು ಟೈಪ್ ಮಾಡುತ್ತಾರೆ. ‘ಸೊಂಟ ಹಿಡ್ಕೊಂಡಿದೆ’ ಎಂದರೂ ‘ಬೆನ್ನುನೋವು’ ಫೈಲುಗಳು ತೆರೆಯಬೇಕು. ಆ ಪರ್ಯಾಯ ಪದಗಳ ಪಟ್ಟಿ — ಥೆಸಾರಸ್ — ನನ್ನ ಹೊಟ್ಟೆಪಾಡು. ಒಬ್ಬ ಪುಣ್ಯಾತ್ಮ ‘ಮ್ಯಾನೇಜರ್ ಕಾಟ’ ಎಂದು ಹುಡುಕಿದ್ದಾನೆ. ‘ತಲೆನೋವು’ಗೆ ಜೋಡಿಸಿಬಿಡಲೇ ಎನಿಸಿತು.

ಮಾರ್ಚ್ 4

ಕಲ್ಲು ಅರೆಯುವ ಪುಡಿ ವಿಭಾಗದ ಕಂಪ್ಯೂಟರಿನಿಂದ ಯಾರೋ, ಊಟದ ಬಿಡುವಿನಲ್ಲಿ: ‘ಏದುಸಿರು’. ‘ಉಸಿರು ಕಟ್ಟುತ್ತೆ’. ‘ಎದೆ ಬಿಗಿತ ಪುಡಿ’. ಮೂರಕ್ಕೂ ಫಲಿತಾಂಶ ಸೊನ್ನೆ. ಅಲ್ಲಿ ನಲವತ್ತು ಜನ, ನನ್ನಕ್ಕನೂ ಒಬ್ಬಳು. ಯಾರೋ, ಪಾಪ.

ಸೊನ್ನೆ ಏಕೆಂದು ನನಗೆ ಗೊತ್ತು. ‘ಧೂಳು ಶ್ವಾಸಕೋಶ’ ಎಂಬ ಪದದಡಿ ಮೂವತ್ತೊಂದು ಜನರ ಫೈಲುಗಳಿವೆ. ಅಲ್ಲಿಗೆ ಒಯ್ಯುವ ಪದಗಳನ್ನೆಲ್ಲ ಎರಡು ವರ್ಷದ ಹಿಂದೆ ಕಿತ್ತವಳು ನಾನೇ. “ಜನ ಸುಮ್ನೆ ಗಾಬರಿ ಬೀಳ್ತಾರೆ, ತೆಗ್ದುಬಿಡಮ್ಮ” ಎಂದಿದ್ದರು ಮ್ಯಾನೇಜರ್ ಸಾಹೇಬರು. ತೆಗೆದೆ.

ಮಾರ್ಚ್ 6, ಮಧ್ಯಾಹ್ನ 1.20

ಮತ್ತೆ ಅದೇ ಕಂಪ್ಯೂಟರ್. ‘ನೆಗಡಿ ಅಲ್ಲ’. ಆಮೇಲೆ — ‘ಹಾಡೋಕೆ ಉಸಿರು ಸಾಲಲ್ಲ’.

ಸ್ನಾನದ ಮನೆಯಲ್ಲಿ ಹಾಡಿ ಹಾಡಿ ಪಕ್ಕದವರಿಂದ ಬೈಸಿಕೊಳ್ಳುತ್ತಿದ್ದವಳು ಅಕ್ಕ. ತಿಂಗಳಿಂದ ಸದ್ದಿಲ್ಲ. ಗಂಟಲು ಕೆಟ್ಟಿದೆ ಎಂದುಕೊಂಡಿದ್ದೆ.

ಮಾರ್ಚ್ 7

ಕಿತ್ತ ಪದಗಳನ್ನು ಮತ್ತೆ ಜೋಡಿಸಲಿಲ್ಲ. ಬದಲಾವಣೆ ಮಾಡಿದವರ ಹೆಸರು ಅಲ್ಲೇ ಉಳಿಯುತ್ತದೆ. ಮನೆ ಕಂಪನಿಯದು; ನೌಕರಿ ಹೋದರೆ ಅದೂ ಹೋಗುತ್ತದೆ. ಅಕ್ಕನಿಗೆ ಬಾಯಲ್ಲೇ ಹೇಳಬಹುದು... ಕಿತ್ತವರು ಯಾರು ಎಂದು ಕೇಳುತ್ತಾಳೆ. ಹೇಡಿ ನಾನು.

ಮಾರ್ಚ್ 11, ಮಂಗಳವಾರ

ಜೋಡಿಸಿದೆ. ಏದುಸಿರು, ಬಿಗಿತ, ಹಾಡು — ಎಲ್ಲ. ಆದದ್ದಾಗಲಿ. ಬಿಡುವಿನ ಹೊತ್ತಿಗೆ ಪರದೆಯ ಮುಂದೆ ಕೂತೆ. ಯಾರೂ ಹುಡುಕಲಿಲ್ಲ.

ಮಾರ್ಚ್ 12

ಇಂದೂ ಇಲ್ಲ.

ಮಾರ್ಚ್ 13, ಸಂಜೆ

ಚಹಾ ಸೋಸುತ್ತಾ ಅಕ್ಕ ತಾನಾಗಿಯೇ ಬಾಯಿಬಿಟ್ಟಳು.

“ಸುಮ್ನೆ ಹೆದ್ರಿದ್ದೆ ಕಣೇ. ಪುಡಿಯಿಂದ ಏನಾದ್ರೂ ಆಗುತ್ತಾ ಅಂತ ಹುಡುಕ್ದೆ. ಒಬ್ರಿಗೂ ಆಗಿಲ್ಲ! ನೀನು ನೋಡ್ಕೊಳ್ಳೋ ಸಿಸ್ಟಮ್ ಅಲ್ವಾ, ಸುಳ್ಳು ಹೇಳುತ್ತಾ? ಪ್ಯಾಕಿಂಗ್‌ಗೆ ಹಾಕಿ ಅಂತ ಕೊಟ್ಟಿದ್ದ ಅರ್ಜಿ ಸೋಮವಾರ ವಾಪಸ್ ತಗೊಂಡೆ. ಇನ್ನೈದು ವರ್ಷ ಪುಡಿ ವಿಭಾಗದಲ್ಲೇ ಇರ್ತೀನಿ ಅಂತ ಸೈನೂ ಹಾಕ್ದೆ.”

ಸೋಮವಾರ. ನಾನು ಜೋಡಿಸಿದ್ದು ಮಂಗಳವಾರ.

“ಅಕ್ಕಾ...”

“ಏನೇ?”

“ಸಕ್ಕರೆ ಸಾಲದು” ಎಂದೆ.

ಡಬ್ಬಿ ಖಾಲಿ. ನಾನು ಏಳುವಷ್ಟರಲ್ಲಿ ಚಪ್ಪಲಿ ಮೆಟ್ಟಿ ಅಂಗಡಿಗೆ ಇಳಿದುಬಿಟ್ಟಳು. ನಮ್ಮದು ಮೂರನೇ ಮಹಡಿ. ಈಗ ಹತ್ತಿ ಬರುತ್ತಿದ್ದಾಳೆ, ಕೇಳಿಸುತ್ತಿದೆ. ಒಂದನೆಯದರಲ್ಲಿ ನಿಂತಳು. ಬಂದ ಕೂಡಲೇ ಹೇಳುತ್ತೇನೆ. ಎರಡನೆಯದರಲ್ಲಿ —