ಕುರಿ ಹಿಂಡಿನ ಹಿಂದೆ ಕೆಟ್ಟ ಹದಿನೇಳು ಗಾಡಿಗಳು ಮತ್ತು ನಾನು ಬರೆದುಕೊಟ್ಟ ಒಪ್ಪಿಗೆ

ಮಾನ್ಯ ವಿಚಾರಣಾಧಿಕಾರಿಗಳೇ,

ಜಿಲ್ಲೆಯಲ್ಲಿ ಎರಡು ವರ್ಷಗಳಿಂದ ಪದೇ ಪದೇ ಕೆಡುತ್ತಿರುವ ಹದಿನೇಳು ಆಟೋಮ್ಯಾಟಿಕ್ ಗೇರಿನ ಪಿಕಪ್ ವಾಹನಗಳಲ್ಲಿ ಯಾವ ತಾಂತ್ರಿಕ ದೋಷವೂ ಇಲ್ಲ, ಎಲ್ಲವೂ ಚಾಲಕರ ತಪ್ಪಿನಿಂದಲೇ ಕೆಟ್ಟಿವೆ ಎಂದು ತಾವು ಕಳೆದ ಗುರುವಾರ ವರದಿ ಸಲ್ಲಿಸಿದ್ದೀರಿ. ಅವರಲ್ಲೊಬ್ಬ ಚಾಲಕರಾದ ಯಮನೂರ ಅವರ ಪರವಾನಗಿಯನ್ನು, ಡಿಸೆಂಬರಿನ ಅಪಘಾತದ ಹೊಣೆ ಹೊರಿಸಿ, ರದ್ದುಪಡಿಸಲು ಶಿಫಾರಸು ಮಾಡಿದ್ದೀರಿ. ಶುಕ್ರವಾರದ ಸ್ಥಳೀಯ ದಿನಪತ್ರಿಕೆಯ ಮೂರನೇ ಪುಟದಲ್ಲಿ, ನೀರು ಪೂರೈಕೆ ವ್ಯತ್ಯಯದ ಪ್ರಕಟಣೆಯ ಕೆಳಗೆ, ಇದು ಏಳು ಸಾಲಿನ ಸುದ್ದಿಯಾಗಿ ಬಂದಿದೆ. ತಾವು ಬರೆದ ಒಂದು ವಾಕ್ಯವನ್ನು ವರದಿಗಾರರು ಹಾಗೆಯೇ ಕೊಟ್ಟಿದ್ದಾರೆ: "ಮಾಲೀಕರೇ ಲಿಖಿತವಾಗಿ ಒಪ್ಪಿಕೊಂಡಿರುವುದರಿಂದ ಹೆಚ್ಚಿನ ಪರಿಶೀಲನೆಯ ಅಗತ್ಯ ಕಂಡುಬರಲಿಲ್ಲ."

ಆ ಲಿಖಿತ ಒಪ್ಪಿಗೆಯನ್ನು ಬರೆದವನು ನಾನು. ನನ್ನ ಗಾಡಿಯದೊಂದನ್ನಷ್ಟೇ ಅಲ್ಲ, ಹದಿನೇಳನ್ನೂ. ಅದು ಸುಳ್ಳು.

ನನ್ನ ಊರು ಕಮತಗಿ. ನನಗೆ ಒಂದು ಪಿಕಪ್ ಇದೆ. ಅದನ್ನು ಓಡಿಸುವವರು ಇದೇ ಯಮನೂರ. ಹನ್ನೊಂದು ವರ್ಷ ನನ್ನ ಹಳೆಯ ಕ್ಲಚ್ ಗಾಡಿ ಓಡಿಸಿದರು, ಎರಡು ವರ್ಷದಿಂದ ಈ ಹೊಸದನ್ನು. ಊರಲ್ಲಿ ಯಾರಿಗಾದರೂ ಅರ್ಜಿ, ತಕರಾರು, ಜಬಾಬು ಬರೆಯುವುದಿದ್ದರೆ ನನ್ನ ಬಳಿಗೆ ಬರುತ್ತಾರೆ. ದಿನಕ್ಕೆರಡು ಪತ್ರಿಕೆ ಓದುತ್ತಾ ಬೆಳೆದವನು ನಾನು, ವಾಕ್ಯ ತಪ್ಪಿಲ್ಲದೆ ಬರೆಯುತ್ತೇನೆ ಎಂಬ ಹೆಮ್ಮೆ ಇತ್ತು. ಆ ಹೆಮ್ಮೆಯಿಂದ ಏನಾಯಿತೆಂದು ಬಹಿರಂಗವಾಗಿ ಹೇಳಬೇಕಾಗಿದೆ. ಏಕೆಂದರೆ ಖಾಸಗಿಯಾಗಿ ಹೇಳುವ ಎರಡು ಅವಕಾಶಗಳನ್ನು ನಾನು ಕಳೆದುಕೊಂಡಿದ್ದೇನೆ.

ಈ ಗಾಡಿಗಳು ಮಾಡುವ ಕೆಲಸವನ್ನು ತಾವು "ಸರಕು ಸಾಗಣೆ" ಎಂದು ಬರೆದಿದ್ದೀರಿ. ಕೆಲಸ ಇಷ್ಟು: ದೀಪಾವಳಿ ಕಳೆದ ಮೇಲೆ ಹುನಗುಂದ, ಇಳಕಲ್ಲ ಕಡೆಯ ಕುರಿಗಾರರು ಹಿಂಡು ಹೊಡೆದುಕೊಂಡು ಮಲಪ್ರಭೆಯ ದಂಡೆಯ ಹೊಲಗಳಿಗೆ ಹೋಗುತ್ತಾರೆ. ಮೊದಲು ಬಿಡಾರದ ಸಾಮಾನು ಕುದುರೆಯ ಮೇಲೆ ಹೋಗುತ್ತಿತ್ತು, ಈಗ ಪಿಕಪ್ಪಿನಲ್ಲಿ. ರಾತ್ರಿ ಕುರಿ ಕೂಡುವ ಬಲೆ, ಪಾತ್ರೆ, ಕಂಬಳಿ, ಹಿಟ್ಟಿನ ಚೀಲ, ಅವುಗಳ ನಡುವೆ ಎರಡು ಮೂರು ದಿನದ ಹಿಂದೆ ಹುಟ್ಟಿದ, ದೂರ ನಡೆಯಲಾರದ ಮರಿಗಳು. ಮರಿ ಗಾಡಿಯಲ್ಲಿ, ತಾಯಿ ರಸ್ತೆಯಲ್ಲಿ. ಮರಿಯ ಕೂಗು ಕೇಳುವಷ್ಟು ಹತ್ತಿರದಲ್ಲೇ ಗಾಡಿ ಇರಬೇಕು. ಕೂಗು ಕೇಳದಿದ್ದರೆ ತಾಯಿ ನಿಲ್ಲುತ್ತದೆ, ತಾಯಿ ನಿಂತರೆ ಹಿಂಡು ನಿಲ್ಲುತ್ತದೆ. ಹೀಗಾಗಿ ಗಾಡಿ ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ವೇಗದಲ್ಲಿ, ಒಂದೇ ಸಮನೆ ನಾಲ್ಕೈದು ತಾಸು ತೆವಳುತ್ತದೆ. ವರದಿಯ ಎಂಟನೇ ಪುಟದಲ್ಲಿ ತಾವು "ವಾಹನವನ್ನು ಮುಂದಿನ ತಂಗುದಾಣಕ್ಕೆ ನೇರವಾಗಿ ಚಲಾಯಿಸಿ ಕಾಯಬಹುದಾಗಿತ್ತು" ಎಂದು ಸಲಹೆ ನೀಡಿದ್ದೀರಿ. ದಯವಿಟ್ಟು ಈ ಸಲಹೆಯ ಒಂದು ಪ್ರತಿಯನ್ನು ತಾಯಿ ಕುರಿಗಳಿಗೂ ರವಾನಿಸಿ.

ಈ ಗಾಡಿಯನ್ನು ನಮಗೆ ಮಾರಿದ್ದೇ ಈ ತೆವಳುವಿಕೆಯನ್ನು ತೋರಿಸಿ. ಕಂಪನಿಯ ಮಾರಾಟಗಾರ ಕಮತಗಿಗೆ ಬಂದು, ಕುರಿಗಾರ ಮುದಕಪ್ಪನವರ ಹಿಂಡಿನ ಹಿಂದೆ ಗಾಡಿ ಬಿಟ್ಟು, ಚಪ್ಪಲಿ ಕಳಚಿ ಸೀಟಿನ ಮೇಲೆ ಕಾಲು ಮಡಚಿ ಕೂತ.

"ನೋಡ್ರಿ, ನನ್ನ ಕಾಲ ಎಲ್ಲೆ ಅದಾವ? ಕ್ಲಚ್ಚಿಲ್ಲ, ಏನಿಲ್ಲ. ಕುರಿ ಹಿಂದ ತಾನ ಹೊಂಟೈತಿ."

"ಹಂಗಾರ ಕುರಿ ಕಾಯಾವನೂ ಬ್ಯಾಡೇನಲೇ ತಮ್ಮಾ?" ಎಂದರು ಮುದಕಪ್ಪ. ಎಲ್ಲರೂ ನಕ್ಕೆವು. ಆರು ತಿಂಗಳಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ತಾಲೂಕುಗಳಲ್ಲಿ ಹದಿನೇಳು ಗಾಡಿ ಮಾರಾಟವಾದವು.

ಮೊದಲ ಹಂಗಾಮಿನಲ್ಲೇ ಕೆಡಲು ಶುರುವಾಯಿತು. ಎಲ್ಲದರ ಲಕ್ಷಣ ಒಂದೇ: ಎರಡು ತಾಸು ತೆವಳಿದ ಮೇಲೆ ಸುಟ್ಟ ವಾಸನೆ, ಹಳದಿ ದೀಪ, ಆಮೇಲೆ ಗೇರು ತಾನಾಗಿ ಬಿಟ್ಟುಕೊಂಡು ಗಾಡಿ ನ್ಯೂಟ್ರಲ್‌ನಲ್ಲಿ ನಿಲ್ಲುವುದು. "ಕುದರಿ ಕಾಲಿಗಿ ಮುಳ್ಳ ಚುಚ್ಚಿದ್ರ ಕುಂಟತಿತ್ತು, ನಮಗ ತಿಳೀತಿತ್ತು. ಇದು ದೀಪ ಹಚ್ಕೊಂಡ ಸುಮ್ಮ ಕುಂದರತೈತಿ" ಎಂದು ಮುದಕಪ್ಪ ದೂರುತ್ತಿದ್ದರು.

ಹೋದ ವರ್ಷದ ಜನವರಿಯಲ್ಲಿ ನನ್ನ ಗಾಡಿಯನ್ನು ಎಳೆಸಿಕೊಂಡು ಕಂಪನಿಯ ವರ್ಕ್‌ಶಾಪಿಗೆ ಹೋದೆ. ಅತ್ತ ಗಾಡಿಯಿಲ್ಲದೆ ಮುದಕಪ್ಪನವರ ಹಿಂಡು ದಾರಿಯಲ್ಲೇ ನಿಂತಿತ್ತು. ಗೇರುಪೆಟ್ಟಿಗೆ ಬೇಗ ಬದಲಾಗಬೇಕಿತ್ತು. ಅಲ್ಲಿನ ಮೇಲ್ವಿಚಾರಕ ಒಂದು ಹಾಳೆ ಮುಂದಿಟ್ಟ.

"ಡ್ರೈವರಂದ ತಪ್ಪ ಅಂತ ಬರದಕೊಡ್ರಿ. ಇದೊಂದ ಸಲ ಕಂಪನಿ ತಾನ ಹಾಕಿಕೊಡತೈತಿ."

"ಅವ ತಪ್ಪ ಮಾಡಿಲ್ಲಲ್ಲಪಾ."

"ಖರೆ ಸುಳ್ಳ ಯಾರ ನೋಡ್ತಾರ್ರೀ? ಫೈಲಿಗಿ ಒಂದ ಕಾಗದ ಬೇಕು, ಅಷ್ಟ."

ನಾನು ಬರೆದೆ. ಅವನು ಹೇಳಿದ ವಾಕ್ಯ ಸರಿಯಿರಲಿಲ್ಲ, ತಿದ್ದಿ ಬರೆದೆ: "ಚಾಲಕರು ಸದಾ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ವಾಹನ ಚಲಾಯಿಸಿದ್ದರಿಂದ ಗೇರು ವ್ಯವಸ್ಥೆಗೆ ಹಾನಿಯಾಗಿದ್ದು, ಇದರಲ್ಲಿ ತಯಾರಕರ ದೋಷವಿರುವುದಿಲ್ಲ." ಕೆಳಗೆ ಯಮನೂರ ಅವರ ಹೆಸರು, ಪರವಾನಗಿ ಸಂಖ್ಯೆ. ಯಮನೂರ ಆಗ ಹೊರಗೆ ಬೇವಿನ ಮರದ ಕೆಳಗೆ ಗಾಡಿಯ ಬಲೆ ಝಾಡಿಸುತ್ತಿದ್ದರು. ಹತ್ತು ಹೆಜ್ಜೆ ದೂರ. ಕರೆಯಲಿಲ್ಲ. ಕರೆದಿದ್ದರೆ ಬರೆಯಲು ಆಗುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ನನ್ನ ಗಾಡಿ ನಾಲ್ಕು ದಿನದಲ್ಲಿ ರಿಪೇರಿಯಾಗಿ ಬಂತು. ಸುದ್ದಿ ಹರಡಿತು. ಉಳಿದ ಮಾಲೀಕರು ಒಬ್ಬೊಬ್ಬರಾಗಿ ಬಂದರು: "ಪ್ರಭಣ್ಣ, ನಿಂದ ಆತಲ್ಲ, ಹಂಗ ನಮಗೂ ಒಂದ ಬರದಕೊಡು." ಹೆಸರು ಮತ್ತು ಸಂಖ್ಯೆ ಬದಲಿಸಿ ಬರೆದುಕೊಟ್ಟೆ. ಒಬ್ಬರು ಕಮತಗಿಯ ಬಸ್ ನಿಲ್ದಾಣದಲ್ಲಿ ಚಹಾ ಕುಡಿಸುತ್ತಾ, "ನಿನ್ನ ಕೈಯಾಗ ಭಾಳ ತಾಕತ್ತ ಐತಿ ಬಿಡು" ಎಂದರು. ನನಗೆ ಖುಷಿಯಾಯಿತು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಹದಿನೇಳು ಚಾಲಕರಲ್ಲಿ ಒಬ್ಬರನ್ನೂ ಯಾರೂ ಕೇಳಲಿಲ್ಲ. ಅವರು ದುಡಿಯುವವರು, ಗಾಡಿ ನಮ್ಮದು, ಕಾಗದವೂ ನಮ್ಮದು ಎಂದು ನಾವು ತಿಳಿದಿದ್ದೆವು.

ಹೊಸ ಗೇರುಪೆಟ್ಟಿಗೆಗಳು ಕೂಡ ಕೆಟ್ಟವು. ಈ ಸಲ ಕಂಪನಿ ನಮ್ಮದೇ ಕಾಗದ ತೋರಿಸಿ ಕೈ ತೊಳೆದುಕೊಂಡಿತು. ಆಗ ನಾನು ನೋಟುಬುಕ್ಕಿನಲ್ಲಿ ದಾಖಲೆ ಇಡತೊಡಗಿದೆ. ಎರಡು ಹಂಗಾಮಿನಲ್ಲಿ ಹದಿನೇಳು ಗಾಡಿ ಒಟ್ಟು ನಲವತ್ತೊಂದು ಸಲ ಕೆಟ್ಟಿವೆ. ಅದರಲ್ಲಿ ಮೂವತ್ತೊಂಬತ್ತು ಸಲ ಹಿಂಡಿನ ಹಿಂದೆ, ನಡಿಗೆಯ ವೇಗದಲ್ಲಿ. ಐದು ಗಾಡಿಗಳಲ್ಲಿ ಚಾಲಕರನ್ನು ಬದಲಿಸಿದ ಮೇಲೂ ಅದೇ ರೋಗ. ಇಳಕಲ್ಲಿನ ನಾಸೀರ ಅವರ ಗಾಡಿ ವರ್ಷವೆಲ್ಲ ನೂಲಿನ ಗಂಟು ಹೊತ್ತು ಹೆದ್ದಾರಿಯಲ್ಲಿ ಓಡುತ್ತದೆ, ಒಮ್ಮೆಯೂ ಕೆಡುವುದಿಲ್ಲ. ಹಂಗಾಮಿನಲ್ಲಿ ಕುರಿಗಾರರಿಗೆ ಬಾಡಿಗೆ ಕೊಟ್ಟರೆ ಮಾತ್ರ ವಾರದೊಳಗೆ ಕೆಡುತ್ತದೆ. ಎರಡು ವರ್ಷವೂ ಹಾಗೇ ಆಯಿತು. "ರೋಡಿಗಿ ಬಿಟ್ರ ಕುದರಿ ಹಂಗ ಓಡ್ತೈತಿ ಪ್ರಭಣ್ಣ. ಕುರಿ ಹಿಂದ ಹಚ್ಚಿದ್ರ ಮದವಿಗಿ ಬಂದ ಅಳಿಯನಂಗ ಮುನಿಸ್ಕೊಂತೈತಿ" ಎನ್ನುತ್ತಾರೆ ಅವರು. ಹೆದ್ದಾರಿಯಲ್ಲೂ ಹಿಂಡಿನ ಹಿಂದೆಯೂ ಓಡಿಸುವ ಚಾಲಕ ಒಬ್ಬನೇ. ಅವನ ಕಾಲು ಇಳಕಲ್ಲಿನಲ್ಲಿ ಸರಿಯಿದ್ದು ಪಟ್ಟದಕಲ್ಲಿನ ಹತ್ತಿರ ಬಂದ ಕೂಡಲೇ ಹಾಳಾಗುತ್ತದೆಯೇ, ಸ್ವಾಮಿ?

ಕಳೆದ ಡಿಸೆಂಬರಿನಲ್ಲಿ ಚೊಳಚಗುಡ್ಡದ ಸಮೀಪದ ಏರಿನಲ್ಲಿ ನನ್ನ ಗಾಡಿಯ ಗೇರು ಬಿಟ್ಟುಕೊಂಡಿತು. ಯಮನೂರ ಓಡಿಸುತ್ತಿದ್ದರು. ಮುದಕಪ್ಪನವರ ಹೆಂಡತಿ ಬೋರವ್ವ ಹಿಂದೆ ನಡೆದು ಬರುತ್ತಾ, ಬಲೆಯಿಂದ ಜಾರುತ್ತಿದ್ದ ಮರಿಯೊಂದನ್ನು ಒಳಗೆ ತಳ್ಳುತ್ತಿದ್ದರು. ಗಾಡಿ ಒಂದು ಮಾರು ಹಿಂದಕ್ಕೆ ಜಾರಿ ನಿಂತಿತು. ಅಷ್ಟರಲ್ಲಿ ಬೋರವ್ವನ ಹಿಮ್ಮಡಿಯ ಮೂಳೆ ಮುರಿದಿತ್ತು. ಬಾದಾಮಿಯ ದವಾಖಾನೆಗೆ ನಾನು ಹೋದಾಗ ಅವರು ಹೇಳಿದ್ದು ಇದು:

"ಅಂವನ ಮ್ಯಾಲೆ ಕೇಸ್ ಹಾಕಬ್ಯಾಡ್ರೆಪಾ. ಮುಂಜಾನಿಂದ ನಾ ಗಾಡಿ ಹಿಂದ ಅದೇನಿ. ಒಂದ ಸಲಾನೂ ಕೆಂಪ ದೀಪ ಹತ್ತಿಲ್ಲ. ಮೊದಲ ಗಾಡಿ ಹಿಂದ ಬಂತು, ಆಮ್ಯಾಲೆ ದೀಪ ಹತ್ತಿತು, ಗಪ್ಪನ ನಿಂತತು."

ಬ್ರೇಕು ಒತ್ತಿದರೆ ಹಿಂದಿನ ಕೆಂಪು ದೀಪ ಹತ್ತುತ್ತದೆ. ಸದಾ ಬ್ರೇಕಿನ ಮೇಲೆ ಕಾಲಿಟ್ಟವನ ಗಾಡಿಯ ದೀಪ ಸದಾ ಉರಿಯುತ್ತಿರಬೇಕು. ನಾಲ್ಕು ತಾಸು ಆ ದೀಪದ ಎದುರೇ ನಡೆದ ಹೆಂಗಸು ಅದು ಉರಿಯಲಿಲ್ಲ ಎನ್ನುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಬೋರವ್ವ ಒಂದೇ ಮಾತಿನಲ್ಲಿ ನನ್ನ ಹದಿನೇಳು ಹಾಳೆಗಳನ್ನು ಹರಿದುಹಾಕಿದ್ದರು. ಯಮನೂರ ಬ್ರೇಕು ಒತ್ತಿದ್ದರಿಂದಲೇ ಬೋರವ್ವನ ಜೀವ ಉಳಿಯಿತು. ಅವರ ಹೇಳಿಕೆಯನ್ನು ತಾವು ದಾಖಲಿಸಿಲ್ಲ. ಪ್ರತ್ಯಕ್ಷ ಕಂಡವರ ಮಾತಿಗಿಂತ ಕಾಣದವನ ಅಕ್ಷರ ದುಂಡಗಿತ್ತು ಎಂಬುದು ಕಾರಣವಿರಬಹುದು.

ಈಗ ತಮ್ಮನ್ನು ಒಂದು ಪ್ರಶ್ನೆ ಕೇಳಬೇಕಿದೆ. ಕೇಳುವ ಯೋಗ್ಯತೆ ನನಗೆ ಎಷ್ಟಿದೆ ಎಂಬುದನ್ನು ಮೇಲೆ ಬರೆದಿದ್ದೇನೆ, ಆದರೂ ಕೇಳುತ್ತೇನೆ. ನಾಲ್ಕು ತಾಲೂಕುಗಳ ಹದಿನೇಳು ಚಾಲಕರು ಒಂದೇ ತಪ್ಪನ್ನು ಒಂದೇ ರೀತಿ ಮಾಡಿದರು. ಹದಿನೇಳು ಮಾಲೀಕರು ಅದನ್ನು ಒಂದೇ ವಾಕ್ಯದಲ್ಲಿ, ಒಂದೇ ಕೈಬರಹದಲ್ಲಿ, ಒಂದೇ ನೀಲಿ ಶಾಯಿಯಲ್ಲಿ ಒಪ್ಪಿಕೊಂಡರು. ಇದು ತಮ್ಮ ಮೇಜಿನ ಮೇಲೆ ಒಟ್ಟಿಗೆ ಬಂದಾಗ ವಿಚಿತ್ರವೆನಿಸಲಿಲ್ಲವೇ? ಒಂದು ಗಾಡಿಯ ಕೆಳಗಾದರೂ ಬಗ್ಗಿ ನೋಡಬೇಕೆನಿಸಲಿಲ್ಲವೇ? ಫೆಬ್ರುವರಿಯಲ್ಲಿ ತಾವು ನನ್ನನ್ನು ಕರೆಸಿ, ಹಾಳೆ ತೋರಿಸಿ, "ಇದು ನಿಮ್ಮದೇನಾ?" ಎಂದಿರಿ. ಹೌದೆಂದೆ. "ಇದು ನಿಜವೇ?" ಎಂದು ತಾವು ಕೇಳಲಿಲ್ಲ. ಕೇಳಲಿಲ್ಲವೆಂದು ನಾನೂ ಹೇಳಲಿಲ್ಲ. ಸುಳ್ಳು ಬರೆದವನೆಂದು ಊರಲ್ಲಿ ಹೆಸರು ಕೆಡುತ್ತದೆ ಎಂಬ ಭಯದಲ್ಲಿ ಹೊರಬಂದೆ. ಅದಕ್ಕೂ ಮೊದಲು, ಈ ವರ್ಷದ ಜನವರಿಯಲ್ಲಿ, ಕಂಪನಿಯ ವಿರುದ್ಧ ಎಲ್ಲ ಮಾಲೀಕರ ಪರವಾಗಿ ತಮಗೆ ದೂರು ಬರೆದವನೂ ನಾನೇ. ಅದರಲ್ಲಿಯೂ ಆ ಹಾಳೆಗಳ ಮಾತೆತ್ತಿರಲಿಲ್ಲ. ಕಳೆದುಕೊಂಡ ಎರಡು ಅವಕಾಶ ಇವೇ.

ಶನಿವಾರ ಯಮನೂರ ಅವರ ಮನೆಗೆ ಹೋದೆ. ನೋಟಿಸಿನ ಜೊತೆ ತಾವು ಲಗತ್ತಿಸಿದ್ದ ಹಾಳೆ ಅವರ ಕೈಯಲ್ಲಿತ್ತು.

"ಅಣ್ಣಾರ, ಇದು ನಿಮ್ಮ ಅಕ್ಷರ ಹೌದಲ್ಲೋ? ನನ್ನ ಮಗಳ ಸಾಲಿ ಅರ್ಜಿ ನೀವ ಬರದಿದ್ರಿ. ಹಿಂಗ ಇತ್ತು."

ನಾನು ಹೌದೆಂದೆ. ಅವರ ಹೆಂಡತಿ ಭಾಗ್ಯಜ್ಯೋತಿ ಬಾಗಿಲಲ್ಲಿ ನಿಂತಿದ್ದರು.

"ಒಳಗ ಬರ್ರಿ, ಕುಂದರ್ರಿ. ನಮ್ಮನಿಯವರಿಗಿ ಗಾಡಿ ಹೊಡಿಯಾಕ ಬರಂಗಿಲ್ಲ ಅಂತ ಬರದೀರಿ. ನಿಮ್ಮ ಮಗಳ ಮದವ್ಯಾಗ ಐವತ್ತ ಮಂದಿ ಬೀಗರನ್ನ ನಾಕ ಸರ್ತಿ ಹೋಗಿ ಕರಕೊಂಡ ಬಂದವರ ಯಾರ್ರಿ? ಆವಾಗ ಬ್ರೇಕಿನ ಮ್ಯಾಲೆ ಕಾಲ ಇರಲಿಲ್ಲೇನು?"

"ಸುಮ್ಮನಿರ" ಎಂದರು ಯಮನೂರ.

"ಯಾಕ ಸುಮ್ಮನಿರಲಿ? ನೀ ಸುಮ್ಮನಿದ್ದದ್ದಕ್ಕ ಇವರು ಬರದ್ರು."

ನಾನು ಕ್ಷಮೆ ಕೇಳಿದೆ. ಯಮನೂರ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೇಳಿದರು: "ನನಗ ಹೇಳಿದ್ರ ಏನಾಗತೈತ್ರಿ? ನನಗ ಗೊತ್ತೈತಿ. ಅವರಿಗಿ ಹೇಳ್ರಿ." ನಲವತ್ತಾರು ವರ್ಷದ ಅವರಿಗೆ ಬೇರೆ ಕಸುಬಿಲ್ಲ. ಪರವಾನಗಿ ಹೋದರೆ ಆ ಮನೆಯ ದುಡಿಮೆ ನಿಲ್ಲುತ್ತದೆ. ವರದಿ ಪತ್ರಿಕೆಯಲ್ಲಿ ಬಂದ ದಿನವೇ ಇಬ್ಬರು ಮಾಲೀಕರು, ಬಿಡುವಿನ ದಿನಗಳಲ್ಲಿ ಗಾಡಿ ಓಡಿಸಲು ಅವರಿಗೆ ಹೇಳಿದ್ದ ಬಾಡಿಗೆಗಳನ್ನು ಬೇರೆಯವರಿಗೆ ಕೊಟ್ಟಿದ್ದಾರೆ. ಆ ಇಬ್ಬರ ಒಪ್ಪಿಗೆಗಳನ್ನೂ ನಾನೇ ಬರೆದದ್ದು.

ಆದ್ದರಿಂದ ಅವರಿಗೆ ಹೇಳಿದ್ದನ್ನು ತಮಗೂ ಹೇಳುತ್ತಿದ್ದೇನೆ. ಹದಿನೇಳು ಹೇಳಿಕೆಗಳನ್ನೂ ನಾನು ಹಿಂತೆಗೆದುಕೊಳ್ಳುತ್ತೇನೆ. ನನ್ನ ಜೊತೆ ಹನ್ನೊಂದು ಮಾಲೀಕರು ಸಹಿ ಹಾಕಿದ್ದಾರೆ, ಐವರು ಇನ್ನೂ ಹಾಕಿಲ್ಲ. ಆ ಹೇಳಿಕೆಗಳ ಆಧಾರದ ಮೇಲೆ ನಿಂತ ವರದಿಯನ್ನು ತಾವು ರದ್ದುಪಡಿಸಬೇಕು. ಯಾವುದಾದರೂ ಎರಡು ಗಾಡಿ ಆರಿಸಿ, ತಮಗೆ ವಿಶ್ವಾಸವಿರುವ ಚಾಲಕರನ್ನೇ ಕೂರಿಸಿ, ಪಟ್ಟದಕಲ್ಲಿನಿಂದ ಚೊಳಚಗುಡ್ಡದವರೆಗೆ ಹಿಂಡಿನ ಹಿಂದೆ ನಡಿಗೆಯ ವೇಗದಲ್ಲಿ ಓಡಿಸಿ ನೋಡಬೇಕು. ಹಿಂಡು ಕೊಡಲು ಮುದಕಪ್ಪ ಒಪ್ಪಿದ್ದಾರೆ. ಬೋರವ್ವನ ಹೇಳಿಕೆಯನ್ನು ದಾಖಲಿಸಬೇಕು. ಯಮನೂರ ಅವರ ಮೇಲಿನ ಶಿಫಾರಸನ್ನು ಕೈಬಿಡಬೇಕು. ಸುಳ್ಳು ಹೇಳಿಕೆಗೆ ಶಿಕ್ಷೆ ಇದೆಯೆಂದು ಬಲ್ಲೆ. ಅದು ನನ್ನ ಮೇಲೆ ಬರಲಿ. ಚಾಲಕರ ಹೆಸರಿನ ಮುಂದೆ ಬರೆದಷ್ಟು ಸುಲಭವಾಗಿ ತಾವು ನನ್ನ ಹೆಸರಿನ ಮುಂದೆಯೂ ಒಂದು ಸಾಲು ಬರೆಯಬಹುದು.

ಯಮನೂರ ಅವರ ಪರವಾನಗಿಯ ವಿಚಾರಣೆ ಬರುವ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ತಮ್ಮ ಕಚೇರಿಯಲ್ಲಿದೆ. ಮುದಕಪ್ಪ, ಬೋರವ್ವ ಮತ್ತು ನಾನು ಹತ್ತೂವರೆಗೆ ಬಾಗಿಲಲ್ಲಿ ಇರುತ್ತೇವೆ. ಯಮನೂರ ನಮ್ಮ ಜೊತೆ ಬರುವುದಿಲ್ಲ, ಬಸ್ಸಿಗೆ ಬರುತ್ತಾರೆ.

ಇಂತಿ,
ತಪ್ಪಿಲ್ಲದ ವಾಕ್ಯದಲ್ಲಿ ಸುಳ್ಳು ಬರೆದ
ಪ್ರಭುಲಿಂಗ
ಕಮತಗಿ, ತಾಲೂಕು ಹುನಗುಂದ